ಬೇವಿನ ಮರದ ಕೆಳಗೆ ನಿಲ್ಲಬೇಕಿದ್ದ ವ್ಯಾನು

ಹೋದ ವಾರ ನಮ್ಮ ಮನೆ ಮುಂದೆ ಒಂದು ಗಾಡಿ ಬಂದು ನಿಂತಿತು. ಹೊರಗಿನಿಂದ ನೋಡಿದರೆ ಮಿನಿ ಬಸ್ಸು. ಒಳಗೆ ಮಂಚ, ಒಲೆ, ನಲ್ಲಿ, ಮೂಲೆಯಲ್ಲಿ ಕಕ್ಕಸು ಕೂಡ ಉಂಟು. ಕ್ಯಾರವಾನ್ ಅಂತಾರಂತೆ. ನಂಜನಗೂಡಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ನನ್ನ ಮಗ ಅದನ್ನು ಮೂರು ದಿನಕ್ಕೆ ಬಾಡಿಗೆಗೆ ಗೊತ್ತುಮಾಡಿದ್ದಾನೆ. ಹೆಂಡತಿ ಮಕ್ಕಳನ್ನೂ ನನ್ನನ್ನೂ ಕೂರಿಸಿಕೊಂಡು ಬೆಂಗಳೂರು ಕಡೆಯ ನೀರಾಟದ ಪಾರ್ಕಿಗೆ ಹೋಗಿಬರುವುದಕ್ಕೆ. ಗಾಡಿಯವನು ಒಂದು ಸಲ ತೋರಿಸಿ ಹೋಗಲು ಬಂದಿದ್ದ. "ಹತ್ತಿ ನೋಡಜ್ಜಿ" ಅಂದ ಮೊಮ್ಮಗ. ಹತ್ತಿದೆ. ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಸಣ್ಣಗೆ ಗ್ಯಾಸಿನ ವಾಸನೆ... ಇಳಿದುಬಿಟ್ಟೆ. "ತಲೆ ಸುತ್ತಾ ಅತ್ತೆ?" ಅಂದಳು ಸೊಸೆ. ಹೂಂ ಅಂದೆ. ಸುತ್ತಿರಲಿಲ್ಲ.

ಆ ಎರಡು ವಾಸನೆಯನ್ನು ಒಟ್ಟಿಗೆ ನಾನು ಹಿಂದೆ ಒಂದೇ ಒಂದು ಗಾಡಿಯಲ್ಲಿ ಕಂಡಿದ್ದು. ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಪಕ್ಕದ ಮನೆಯವರ ಮ್ಯಾಟಡೋರ್ ವ್ಯಾನು ಅದು. ಆ ಮನೆಯ ಗಂಡ ದೇವನೂರಿನ ಕಡೆಯ ತೋಟಗಳಿಂದ ಬಾಳೆಗೊನೆ ತುಂಬಿಕೊಂಡು ಬರುತ್ತಿದ್ದ. ಮದುವೆ ದಿನಗಳಲ್ಲಿ ಜನ ತುಂಬಿಕೊಂಡು ಹೋಗುತ್ತಿದ್ದ. ಹೆಂಡತಿ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ನಾನು ಹೇಳಬೇಕೆಂದಿರುವುದು ಅವಳ ವಿಷಯ.

ಪಕ್ಕದ ಮನೆಯವಳು ನುಗ್ಗೆಮರ ಹತ್ತಿ ಬಿದ್ದಳು. ನುಗ್ಗೆಮರವನ್ನು ಯಾರಾದರೂ ಹತ್ತುತ್ತಾರಾ, ಮುಟ್ಟಿದರೆ ಮುರಿಯುವ ಮರ. ಅವಳು ಹತ್ತಿದಳು. ಬೆನ್ನುಮೂಳೆ ಹೋಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಏನೂ ಉಳಿಯಲಿಲ್ಲ. ಆಮೇಲೆ ಮೂರು ವರ್ಷ ಮಲಗಿಯೇ ಇದ್ದಳು. ದಿಂಬು ಕೊಟ್ಟು ಒರಗಿಸಿದರೂ ಜಾರಿಬಿಡುತ್ತಿದ್ದಳು. ಬೆಳಗ್ಗೆ ಸಂಜೆ ನಾನು ಹೋಗಿ ಮೈ ಒರೆಸಿ ಬಟ್ಟೆ ಬದಲಾಯಿಸಿ ಬರುತ್ತಿದ್ದೆ. ಪುಣ್ಯಕ್ಕೆ ಮಾಡಿದೆ ಅಂತ ಹೇಳಲಾರೆ. ಗೋಡೆ ಆಚೆಯಿಂದ ಕೂಗು ಕೇಳಿಸುತ್ತಿತ್ತು, ಹೋಗದೆ ಇರಲಾಗುತ್ತಿರಲಿಲ್ಲ.

ಮಲಗಿದ್ದಳು ಅಂತ ಬಾಯಿ ಮಲಗಿರಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕಿಟಕಿಯಿಂದಲೇ ಕೂಗಿ ಮಾತಾಡಿಸುತ್ತಿದ್ದಳು. ನನ್ನನ್ನೂ ಬಿಡುತ್ತಿರಲಿಲ್ಲ. "ಅಕ್ಕಾ, ನಿನ್ ಕೈ ಏನು ಉಜ್ಜೋ ಕಲ್ಲಾ? ನಂಗೆ ಕೆಳುಗ್ ಗೊತ್ತಾಗಲ್ಲ ಸರಿ, ಮೇಲ್ ಗೊತ್ತಾಯ್ತದೆ" ಅನ್ನುತ್ತಿದ್ದಳು. ನಾನು "ಬಾಯಿ ಮುಚ್ಕೊಂಡ್ ಬಿದ್ಕೊ" ಅನ್ನುತ್ತಿದ್ದೆ. ನಗುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಆಗ ಹತ್ತು ವರ್ಷ. ಶಾಲೆಯ ಮಕ್ಕಳನ್ನು ಆ ನೀರಾಟದ ಪಾರ್ಕಿಗೆ ಕರೆದುಕೊಂಡು ಹೋದಾಗ ಈ ಹುಡುಗಿ ಹೋಗಲಿಲ್ಲ, ಅಮ್ಮನಿಗೆ ನೀರು ಕೊಡುವವರು ಯಾರು ಅಂತ. ಆವತ್ತೇ ತಾಯಿ ಹಟ ಹಿಡಿದಳು. ಮಗಳು ಹೋಗಬೇಕು, ತಾನೂ ಹೋಗಬೇಕು, ಮಗಳು ಆ ಜಾರುಬಂಡೆಯ ಮೇಲೆ ನಿಲ್ಲುವುದನ್ನು ಕಣ್ಣಾರೆ ನೋಡಬೇಕು. ಮಲಗಿಕೊಂಡೇ.

ಗಂಡ ಆ ಪಾರ್ಕಿಗೆ ಎರಡು ಸಲ ಬಾಡಿಗೆ ಹೋಗಿದ್ದ. ಅವನನ್ನು ಹಿಡಿದು ಪೊಲೀಸರು ಕೇಳುವ ಹಾಗೆ ಕೇಳಿದಳು. ಗಾಡಿ ಎಲ್ಲಿ ನಿಲ್ಲಿಸ್ತಾರೆ, ಅಲ್ಲಿ ಮರ ಇದೆಯಾ, ಗೋಡೆ ಎಷ್ಟು ಎತ್ತರ, ಜಾರುಬಂಡೆ ಗೋಡೆಗಿಂತ ಮೇಲಾ ಕೆಳಗಾ. ಮೈದಾನದ ಎಡಗಡೆ ಒಂದು ಬೇವಿನ ಮರ ಇದೆ, ಅದರ ಕೆಳಗೆ ನಿಂತರೆ ಜಾರುಬಂಡೆಯ ತುದಿ ಗೋಡೆ ಮೇಲೆ ಕಾಣುತ್ತೆ ಅಂದ. ಜಾರಿದ ಮೇಲೆ ಏನೂ ಕಾಣಲ್ಲ ಅಂದ. "ಜಾರಾದ್ ಬ್ಯಾಡ, ನಿಲ್ಲಾದ್ ಕಂಡ್ರೆ ಸಾಕು" ಅಂದಳು. ಮಗಳಿಗೆ ಹೇಳಿಕೊಟ್ಟಳು: "ಮೇಲಕ್ ಓದ್ ತಕ್ಷಣ ಬೇವಿನ್ ಮರದ್ ಕಡೆ ತಿರುಕ್ಕೊ. ಕೈ ಎತ್ತು. ನಾ ನೋಡ್ತಿರ್ತೀನಿ."

ಗಂಡ ವ್ಯಾನಿನ ಸೀಟು ಕಿತ್ತು ಒಂದು ಹಲಗೆ ಮಂಚ ಕೂರಿಸಿದ. ಮೇಲೆ ಫೋಮು, ಅದರ ಮೇಲೆ ಹೊಸ ರೆಕ್ಸಿನ್, ಒದ್ದೆಯಾದರೆ ಒರೆಸಬಹುದು ಅಂತ. ಹಿಂದುಗಡೆ ಚಿಕ್ಕ ಸಿಲಿಂಡರು, ಒಂದೊಲೆ, ನಲ್ಲಿ ಇಟ್ಟ ನೀರಿನ ಡ್ರಮ್ಮು. ತಗಡು ಕೊಯ್ದು ಅವಳ ತಲೆ ಬರುವ ಜಾಗಕ್ಕೆ ಸರಿಯಾಗಿ ಒಂದು ಕಿಟಕಿ ಮಾಡಿದ. ಬೀದಿಯವರು ನಕ್ಕರು. ನಾನೂ ನಕ್ಕೆ.

ದಾರಿ ಯಾವುದು ಅನ್ನುವುದನ್ನೂ ಅವಳೇ ಗೊತ್ತುಮಾಡಿದಳು. ಮೈಸೂರು ಮೇಲೆ ಬೇಡ, ಟಿ. ನರಸೀಪುರದ ಮೇಲೆ ಹೋಗಿ ಮಳವಳ್ಳಿ ಹಿಡಿಯೋದು. ಅವಳ ತವರು ಸೋಸಲೆ, ಹೊಳೆ ದಾಟುವಾಗ ನೋಡಬೇಕು ಅನ್ನುವ ಆಸೆಯೂ ಇತ್ತು ಅಂತ ಕಾಣುತ್ತೆ, ಬಾಯಿಬಿಟ್ಟು ಹೇಳಲಿಲ್ಲ. ಬಾಯಿಬಿಟ್ಟು ಹೇಳಿದ್ದು ಮಲಗಿ ಮಲಗಿ ಆಗಿದ್ದ ಬೆನ್ನಿನ ಹುಣ್ಣಿನ ಮಾತು. ಗಾಡಿ ಕುಲುಕಿದರೆ ಹುಣ್ಣು ಒಡೆಯುತ್ತೆ. ಅದಕ್ಕೆ ಒಂದು ಭಾನುವಾರ ಆ ಮಂಚದ ಮೇಲೆ ಒಂದು ಚೊಂಬಿನ ತುಂಬ ನೀರು ಇಟ್ಟು, ಪಕ್ಕದಲ್ಲಿ ಮಗಳನ್ನು ಕೂರಿಸಿ, ಸೋಸಲೆವರೆಗೂ ಗಂಡನನ್ನು ಓಡಿಸಿದಳು. ಎಲ್ಲಿ ನೀರು ಚೆಲ್ಲಿತು ಅಂತ ಹುಡುಗಿ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಬಂದಳು. ಇಂಥ ಊರಿನ ಹಂಪು, ಇಂಥ ಮೋರಿ, ಇಂಥ ಗುಂಡಿ. "ಸೋಸಲೆ ಗೇಟ್ ತಾವ ಅರ್ಧ ಚೊಂಬೇ ಓಯ್ತಮ್ಮ" ಅಂದಳು. ಅವಳು ಮಲಗಿದ್ದಲ್ಲೇ ಕೈ ತಟ್ಟಿ ನಕ್ಕಳು. "ನಮ್ಮೂರೋರ್ ಬುದ್ದಿ! ಮಗಳ್ ಬತ್ತಾಳೆ ಅಂತ ಗುಂಡಿ ತೋಡಿ ಮಡಗವ್ರೆ!"

ಆ ಹಿಂದಿನ ಹಾಳೆಗಳೆಲ್ಲ ತುಂಬಿದವು. ಮೊಸರನ್ನ ಮೊದಲು ತಿನ್ನುವುದು, ಬಿಸಿಲೇರಿದರೆ ಹುಳಿ ಬರುತ್ತೆ. ಹುಣಸೆಮರದ ಸಾಲು ಬಂದ ಕಡೆ ನಿಲ್ಲಿಸಿ ಬಟ್ಟೆ ಬದಲಾಯಿಸುವುದು. ಆ ಸಾಲಿನ ಮುಂದೆ "ದೊಡ್ಡಮ್ಮ" ಅಂತ ಬರೆದಿತ್ತು. ದೊಡ್ಡಮ್ಮ ಅಂದರೆ ನಾನು. ನನ್ನನ್ನು ಕೇಳದೆಯೇ ಬರೆಸಿದ್ದಳು.

ದಿನವನ್ನೂ ಗೊತ್ತುಮಾಡಿದಳು. ಗಣೇಶ ಹಬ್ಬ ಕಳೆದು ಪಿತೃಪಕ್ಷ ಹಿಡಿದ ಮೇಲಿನ ಮೊದಲನೆ ಭಾನುವಾರ. ಪಕ್ಷದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ವ್ಯಾನಿಗೆ ಬಾಡಿಗೆ ಇರಲ್ಲ. ಪಾರ್ಕಿನಲ್ಲೂ ಜನ ಕಮ್ಮಿ, ಬೇವಿನ ಮರದ ಕೆಳಗೆ ಜಾಗ ಸಿಗುತ್ತೆ. ದಸರಾ ರಜೆ ಬಂದರೆ ಕಾಲಿಡುವುದಕ್ಕಾಗಲ್ಲ. ಎಲ್ಲರೂ ಬೇಡ ಅನ್ನುವ ದಿನವನ್ನೇ ಹುಡುಕಿ ಹಿಡಿದಿದ್ದಳು.

ನಾನು ಬೇಡ ಅಂದೆ. "ಪಕ್ಷದಲ್ಲಿ ಯಾರಾದ್ರೂ ಸಂತೋಸಕ್ಕೆ ಊರ್ ಬಿಟ್ಟು ಓಯ್ತಾರಾ? ಸತ್ತೋರ್ಗೆ ಎಡೆ ಇಡೋ ದಿನ. ಕಳೀಲಿ."

"ನಮ್ಮಪ್ಪನ್ ಮನೇಲಿ ಅದೆಲ್ಲ ನೋಡ್ತಿರ್ಲಿಲ್ಲ ಕಣಕ್ಕ. ಲಿಂಗ ಕಟ್ಕೊಂಡೋರ್ಗೆ ಎಲ್ಲಾ ದಿನಾನೂ ಒಂದೇ."

"ನಮ್ಮನೇಲಿ ನೋಡ್ತೀವಿ. ನಾ ಬರಲ್ಲ."

"ನೀ ಬರ್ಲಿಲ್ಲ ಅಂದ್ರೆ ನಾ ಎಂಗಕ್ಕ ಓಗ್ಲಿ? ದಾರೀಲಿ ನನ್ ಬಟ್ಟೆ ಬಿಚ್ಚೋರ್ ಯಾರು, ಕಂಡಕ್ಟ್ರಾ?"

ಆಗಲೂ ತಮಾಷೆ. ನಾನು ನಗಲಿಲ್ಲ. "ಎರಡು ವಾರ ತಾನೇ, ಎಲ್ಲಿ ಓಡೋಯ್ತದೆ ಪಾರ್ಕು" ಅಂದೆ. ಅವಳು ಮಗಳನ್ನು ಕರೆದು ನೋಟ್‌ಬುಕ್ಕಿನಲ್ಲಿ ತಾರೀಕು ಹೊಡೆದು ಹಾಕಿಸಿದಳು.

ಇಲ್ಲಿ ನಿಜ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಪಕ್ಷ ಮಾಡುವುದು ಹೌದು. ಆದರೆ ಅಮಾವಾಸ್ಯೆ ದಿನ ಒಂದು ಎಡೆ, ಅಷ್ಟೇ. ಮಿಕ್ಕ ದಿನ ನಾವು ಸಂತೆಗೂ ಹೋಗುತ್ತೇವೆ, ನೆಂಟರ ಮನೆಗೂ ಹೋಗುತ್ತೇವೆ. ನನಗೆ ಇದ್ದದ್ದು ಭಯ. ದಾರಿಯಲ್ಲಿ ಅವಳಿಗೆ ಏನಾದರೂ ಆದರೆ, ನನ್ನ ಕೈಯಲ್ಲಿ ಪ್ರಾಣ ಹೋದರೆ, ಜನ ನನ್ನನ್ನು ಕೇಳುತ್ತಾರೆ ಅಂತ. ಎರಡು ವಾರದಲ್ಲಿ ಅವಳ ಹಟ ಇಳಿಯಬಹುದು ಅಂತ. ಭಯ ಅಂತ ಹೇಳಿದ್ದರೆ ಅವಳು ಬೈದು ಒಪ್ಪಿಸುತ್ತಿದ್ದಳು. ಪಕ್ಷ ಅಂದದ್ದಕ್ಕೆ ಎದುರು ಮಾತಾಡಲಿಲ್ಲ, ಇನ್ನೊಬ್ಬರ ಮನೆಯ ನಡವಳಿಕೆ ಅಂತ ಮರ್ಯಾದೆ ಕೊಟ್ಟಳು.

ಆ ಭಾನುವಾರ ಬಂತು, ಹೋಯಿತು. ಬಿಸಿಲೂ ಇಲ್ಲ, ಮಳೆಯೂ ಇಲ್ಲ. ವ್ಯಾನು ಇಡೀ ದಿನ ಬಾಗಿಲಲ್ಲೇ ನಿಂತಿತ್ತು. ಅದಾದ ಬುಧವಾರ ಅವಳಿಗೆ ಚಳಿಜ್ವರ ಹಿಡಿಯಿತು. ಬೆನ್ನಿನ ಹುಣ್ಣಿನ ವಿಷ ರಕ್ತಕ್ಕೆ ಸೇರಿದೆ ಅಂದರು ಡಾಕ್ಟರು. ಶನಿವಾರ ಮಧ್ಯಾಹ್ನ ಹೋಗಿಬಿಟ್ಟಳು. ಕೊನೆಯ ಮಾತು ಅಂತ ಏನೂ ಇಲ್ಲ. ಜ್ವರದಲ್ಲಿ ನೀರು, ನೀರು ಅಂತಿದ್ದಳು...

ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಮೂರು ವರ್ಷ ಕೂರಲಾಗದವಳನ್ನು ಆವತ್ತು ಕೂರಿಸಿದರು. ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಗೋಡೆಗೆ ಒರಗಿಸಿ ಕಟ್ಟಿದರು. ನಾನು ಎದುರಿಗೆ ನಿಂತು ನೋಡಿದೆ. ಇಷ್ಟು ಉದ್ದ ಇದ್ದಳಾ ಇವಳು ಅನ್ನಿಸಿತು. ಅಳು ಬರಲಿಲ್ಲ, ನನಗೆ ಅಳು ಬೇಗ ಬರುವುದಿಲ್ಲ.

ದಸರಾ ರಜೆ ಮುಗಿಯುವುದಕ್ಕೆ ಎರಡು ದಿನ ಇದೆ ಅನ್ನುವಾಗ ಅವಳ ಗಂಡ ನಮ್ಮ ಬಾಗಿಲಿಗೆ ಬಂದ. "ಅಕ್ಕ, ಅವಳು ಬರ್ಸಿರಾ ಪುಸ್ತಕ ಹಂಗೇ ಅದೆ. ಮಗಾ ಓಗನ ಅಂತದೆ. ನೀವೂ ಬನ್ನಿ" ಅಂದ. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ಹತ್ತಿದೆ.

ಪುಸ್ತಕದಲ್ಲಿ ಬರೆದ ಹಾಗೇ ಹೋದೆವು. ಸೋಸಲೆ ಹತ್ತಿರ ಅವನು ಗಾಡಿಯನ್ನು ನಡೆದಷ್ಟು ಮೆಲ್ಲಗೆ ಬಿಟ್ಟ, ಮಂಚದ ಮೇಲೆ ಯಾರೂ ಇಲ್ಲದಿದ್ದರೂ. ಹುಣಸೆಮರದ ಸಾಲು ಬಂದಾಗ ನಿಲ್ಲಿಸಿದ. ಇಳಿದೆವು, ಸುಮ್ಮನೆ ನಿಂತೆವು, ಮತ್ತೆ ಹತ್ತಿದೆವು. ಪಾರ್ಕಿನ ಮೈದಾನ ಗಾಡಿಗಳಿಂದ ಕಿಕ್ಕಿರಿದಿತ್ತು. ಬೇವಿನ ಮರದ ಕೆಳಗೆ ಒಂದು ಟೂರಿಸ್ಟ್ ಬಸ್ಸು ನಿಂತಿತ್ತು.

ಗಂಡ ಇಳಿದು ಹೋಗಿ ಆ ಡ್ರೈವರನ ಹತ್ತಿರ, "ಅಣ್ಣ, ವಸಿ ಇಂದಕ್ ತಗೀತೀರಾ?" ಅಂದ.

"ಇಷ್ಟುದ್ದ ಮೈದಾನ ಬಿದ್ದದಲ್ಲಣ್ಣ, ಇದೇ ಯಾಕೆ?"

"ನಮ್ಮನೆಯೋರು ಇಲ್ಲೇ ಅಂತ ಬರ್ಸವ್ರೆ."

ಆ ಡ್ರೈವರು ನಮ್ಮ ವ್ಯಾನಿನ ಒಳಗೆ ಇಣುಕಿದ. ಖಾಲಿ ಮಂಚ ನೋಡಿದ, ಹುಡುಗಿಯನ್ನು ನೋಡಿದ. ಹೋಗಿ ಬಸ್ಸು ತೆಗೆದ.

ಅಪ್ಪ ಮಗಳು ಒಳಗೆ ಹೋದರು. ಸೀರೆ ಉಟ್ಟವರನ್ನು ನೀರಿಗೆ ಬಿಡಲ್ಲ ಅಂದರು, ಬಿಟ್ಟಿದ್ದರೂ ನಾನು ಹೋಗುತ್ತಿರಲಿಲ್ಲ. ವ್ಯಾನಿನಲ್ಲಿ ಒಬ್ಬಳೇ ಉಳಿದೆ. ಸ್ವಲ್ಪ ಹೊತ್ತಾದ ಮೇಲೆ ಆ ಮಂಚದ ಮೇಲೆ ಮಲಗಿದೆ. ಯಾಕೆ ಮಲಗಿದೆ ಅಂದರೆ, ಅವಳು ಮಾಡಿದ್ದೆಲ್ಲ ತಪ್ಪು ಲೆಕ್ಕ ಆಗಿರಲಿ, ಅಲ್ಲಿಂದ ಏನೂ ಕಾಣದೆ ಇರಲಿ ಅಂತ ನನ್ನ ಆಸೆ. ಕಾಣದಿದ್ದರೆ ಕರೆದುಕೊಂಡು ಬಂದಿದ್ದರೂ ಏನೂ ಉಪಯೋಗ ಇರಲಿಲ್ಲ ಅಂತ ನನ್ನ ಮನಸ್ಸಿಗೆ ಹೇಳಿಕೊಳ್ಳಬಹುದಿತ್ತು.

ತಲೆ ದಿಂಬಿಗಿಟ್ಟು ಕಿಟಕಿ ಕಡೆ ತಿರುಗಿದೆ. ಬೇವಿನ ಕೊಂಬೆ, ಗೋಡೆ, ಗೋಡೆಯ ಮೇಲೆ ಜಾರುಬಂಡೆಯ ತುದಿ. ಒಂದಿಷ್ಟೂ ಮರೆ ಇಲ್ಲ. ಮಕ್ಕಳು ಒಬ್ಬೊಬ್ಬರೇ ಬಂದು ನಿಲ್ಲುತ್ತಿದ್ದರು, ಮಾಯವಾಗುತ್ತಿದ್ದರು. ಆಮೇಲೆ ನಮ್ಮ ಹುಡುಗಿ ಬಂತು. ತಿರುಗಿಕೊಂಡಿತು. ಕೈ ಎತ್ತಿತು. ಎತ್ತಿದ ಕೈ ಇಳಿಸಲೇ ಇಲ್ಲ. ಹಿಂದಿದ್ದವರು ತಳ್ಳಿದರೂ ಇಳಿಸಲಿಲ್ಲ, ಹಾಗೇ ಜಾರಿತು.

ಒದ್ದೆ ತಲೆಯಲ್ಲಿ ಓಡಿ ಬಂದು ಕೇಳಿದಳು. "ದೊಡ್ಡಮ್ಮ, ಕಂಡ್ತಾ?"

"ಕಂಡ್ತು."

"ಮಲ್ಕಂಡ್ರೂ ಕಾಣ್ತದಾ?"

ಇಲ್ಲ ಅನ್ನಬಹುದಿತ್ತು. "ಕಾಣ್ತದೆ ಕಣವ್ವ, ಚೆನ್ನಾಗ್ ಕಾಣ್ತದೆ" ಅಂದೆ. ಅವರಪ್ಪ ಟವೆಲ್ಲು ಹಿಡಿದುಕೊಂಡು ನಿಂತಿದ್ದವನು ಮರದ ಆ ಕಡೆಗೆ ಹೋಗಿ, ತುಂಬ ಹೊತ್ತು ಬರಲಿಲ್ಲ...

ಆ ವ್ಯಾನನ್ನು ಮುಂದಿನ ವರ್ಷ ಗುಜರಿಗೆ ಹಾಕಿದ. ಈಗ ಅವನೂ ಇಲ್ಲ. ಮಗಳು ಟಿ. ನರಸೀಪುರದಲ್ಲಿ ಗಂಡ ಮಕ್ಕಳ ಜೊತೆ ಇದ್ದಾಳೆ, ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಯುಗಾದಿಗೆ ಬರುತ್ತಾಳೆ, ನನ್ನ ಕಾಲು ಮುಟ್ಟುತ್ತಾಳೆ. ಮಕ್ಕಳಿಗೆ ನನ್ನನ್ನು ತೋರಿಸಿ "ನಮ್ಮಮ್ಮನ್ನ ಕೊನೇಗಂಟ ನೋಡ್ಕೊಂಡೋರು ಈ ಅಜ್ಜೀನೇ" ಅನ್ನುತ್ತಾಳೆ. ನಾನು ಕೋಸಂಬರಿ ಬಡಿಸುತ್ತೇನೆ. ಎಷ್ಟು ಯುಗಾದಿ ಹೀಗೆ ಬಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ.

ಮಗ ನಿನ್ನೆ ಫೋನಿನಲ್ಲಿ ದಾರಿ ತೋರಿಸಿದ. ನೀಲಿ ಗೆರೆ ನರಸೀಪುರದ ಮೇಲೆಯೇ ಹೋಗುತ್ತದೆ. ಅಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸು ಅಂದೆ. "ಯಾಕವ್ವ, ಅಲ್ಲಿ ಏನಿದೆ?" ಅಂದ. ಕೆಲಸ ಇದೆ ಅಂದೆ.

ಕೆಲಸ ಒಂದೇ ಮಾತಿನದು. ನಿಮ್ಮಮ್ಮನನ್ನು ಆ ಭಾನುವಾರ ನಿಲ್ಲಿಸಿದ್ದು ಪಕ್ಷ ಅಲ್ಲ ಕಣವ್ವ, ನಾನು. ಆಮೇಲೆ ಅವಳು ಒಳಗೆ ಕರೆದು ಕಾಫಿ ಕೊಟ್ಟರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ.