ಶಾಸಕರ ಮೇಲೆ ವಕೀಲರ ದೂರು
ವಕೀಲರು ಶಾಸಕರಾಗಿ ಹನ್ನೊಂದು ವರ್ಷವಾದರೂ ಅವರ ಹಳೇ ಟೈಪಿಸ್ಟನಿಗೆ ಅದಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಬರುವುದಾದರೂ ಹೇಗೆ? ಅದೇ ಮುಂಗೋಣೆ, ಅದೇ ಕುಂಟುವ ಬೆಂಚು, ಶಾಸನಸಭೆಯಲ್ಲೂ ಅಧ್ಯಕ್ಷರನ್ನು ‘ಮಹಾಸ್ವಾಮಿ’ ಎಂದೇ ಕರೆಯುವ ಅದೇ ನಾಲಿಗೆ. ರಸ್ತೆ ಕೇಳಿ ಬಂದವರಿಗೂ ನಲ್ಲಿ ಕೇಳಿ ಬಂದವರಿಗೂ “ಮುಂದಿನ ತಾರೀಖಿಗೆ ನೋಡೋಣ” ಎನ್ನುವ ಅದೇ ಸಮಾಧಾನ. ಊರಲ್ಲಿ ಅವರಷ್ಟು ಚೆನ್ನಾಗಿ ಅರ್ಜಿ ಬರೆಯುವವರು ಇನ್ನೊಬ್ಬರಿಲ್ಲ. ಹಾಗಾಗಿ ಶಾಸಕರ ಮೇಲೆ ದೂರು ಕೊಡುವವರೂ ಅವರ ಹತ್ತಿರವೇ ಬರುತ್ತಾರೆ. “ಯಾರ ಮೇಲೆ?” “ನಿಮ್ಮ ಮೇಲೇನೇ ಸ್ವಾಮಿ.” ಬೇಸರವೇ ಇಲ್ಲ. ಕನ್ನಡಕ ಒರೆಸಿಕೊಂಡು ಹುರುಪಿನಿಂದ ಬರೆಸುತ್ತಾರೆ: “ಸದರಿ ಶಾಸಕರು ಕಣ್ಣಿದ್ದೂ ಕುರುಡರಾಗಿ, ಕಿವಿಯಿದ್ದೂ ಕಿವುಡರಾಗಿ...” ಸಂಜೆ ಅದೇ ಅರ್ಜಿ ಶಾಸಕರ ಮೇಜಿಗೆ ಬಂದಾಗ, “ಭಾಷೆ ಸ್ವಲ್ಪ ಖಾರವಾಯ್ತು” ಎಂದು ಗೊಣಗಿ, ‘ಪರಿಶೀಲಿಸಲಾಗುವುದು’ ಎಂದು ಷರಾ ಬರೆಯುತ್ತಾರೆ. ಮೊನ್ನೆ ಹೊಳೆಯಾಚೆಯ ಮುದುಕಿಯೊಬ್ಬಳು ಬಂದು, “ನಮ್ಮ ಹೊಳೆಗೆ ಸೇತುವೆ ಆಗಿಲ್ಲ, ಅಷ್ಟೇ ಬರೀರಿ” ಎಂದಳು. ವಕೀಲರು ಹೇಳುತ್ತಾ ಹೋದರು, ಟೈಪಿಸ್ಟ್ ಕುಟ್ಟುತ್ತಾ ಹೋದ: ಸದರಿ ಶಾಸಕರು ಮೂರು ಚುನಾವಣೆಯಲ್ಲೂ ಸೇತುವೆಯ ಮಾತು ಕೊಟ್ಟು ಮರೆತರು, ಹೋದ ವರ್ಷ ದೋಣಿ ಮಗುಚಿ ಇಬ್ಬರು ಮುಳುಗಿದ ದಿನ, ಬಾಗಿಲಿಗೆ ಬಂದ ಜನಕ್ಕೆ, ಮನೆಯೊಳಗೇ ಇದ್ದುಕೊಂಡು ಊರಲ್ಲಿಲ್ಲವೆಂದು ಹೇಳಿಸಿದರು. ಟೈಪಿಸ್ಟನ ಬೆರಳು ನಿಂತವು. ಅವತ್ತು ಬಾಗಿಲಲ್ಲಿ ನಿಂತು ಹಾಗೆ ಹೇಳಿದವನು ಅವನೇ. ಮುದುಕಿಗೂ ಗಾಬರಿ: “ಅಯ್ಯೋ, ಇದೆಲ್ಲಾ ನಾನು ಹೇಳ್ಲೇ ಇಲ್ವಲ್ಲಪ್ಪಾ!” “ನಿನಗೆ ಗೊತ್ತಿಲ್ಲಮ್ಮ, ನನಗೆ ಗೊತ್ತು” ಎಂದರು ವಕೀಲರು, ಟೈಪಿಸ್ಟನ ಕಡೆ ನೋಡದೆ. “ನೀನು ಟೈಪ್ ಮಾಡಯ್ಯ.”