ಹುಚ್ಚರ ಗುಳಗಿ

ಗಂಡನ ಅಕ್ಕನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಹರಕೆಯನ್ನೇನೂ ಹೊತ್ತಿಲ್ಲ.

ಮಗಳು ಆಗ ಆರನೇ ಇಯತ್ತೆ. ಕೂತಲ್ಲಿ ಕೂರುತ್ತಿರಲಿಲ್ಲ, ಒಂದು ಲೆಕ್ಕ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದಳು. ಬೈಗುಳ, ಹೊಡೆತ, ತಾಯತ ಎಲ್ಲ ಮುಗಿದ ಮೇಲೆ ಬೀದರದ ಮನೋವೈದ್ಯರ ಹತ್ತಿರ ಹೋದೆವು. ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಮಾತ್ರೆಗಳಿವೆ ಎಂದರು. ಒಂದು ಬಗೆಯದು ಬೆಳಿಗ್ಗೆ ನುಂಗಿದರೆ ಆಗಲೇ ಕೆಲಸ ಶುರುಮಾಡಿ ಸಂಜೆಗೆ ಇಳಿಯುತ್ತದೆ. ಅದನ್ನು ಕೊಟ್ಟೆವು. ಗಮನ ಬಂತು, ಹಸಿವು ಹೋಯಿತು. ಮೊದಲೇ ಕಡ್ಡಿಯಂತಿದ್ದವಳು ರೊಟ್ಟಿ ಕಂಡರೆ ಮುಖ ತಿರುಗಿಸತೊಡಗಿದಳು. ವೈದ್ಯರು ಎರಡನೇ ಬಗೆಗೆ ಬದಲಿಸಿದರು. ಅದು ನಿಧಾನದ್ದು. ದಿನಾ ತಪ್ಪದೆ ಕೊಟ್ಟರೆ ವಾರಗಟ್ಟಲೆ ಆದ ಮೇಲೆ ಗುಣ ಕಾಣುತ್ತದೆ, ನಡುವೆ ಬಿಡಬೇಡಿ ಎಂದು ಒತ್ತಿ ಹೇಳಿದರು.

ಕಾದೆವು. ಒಂದು ದಿನ ಅವಳು ಎರಡೂ ಜಡೆ ತಾನೇ ಪೂರ್ತಿ ಹೆಣೆದುಕೊಂಡು ಬಂದು ನಿಂತಾಗ ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಬೇಸಿಗೆ ರಜೆಗೆ ಭಾಲ್ಕಿಗೆ, ಗಂಡನ ಅಕ್ಕನ ಮನೆಗೆ ಕಳಿಸಿದೆ. ಮಾತ್ರೆಯನ್ನು ಅಕ್ಕನ ಕೈಗೇ ಕೊಟ್ಟು ಎಲ್ಲ ತಿಳಿಸಿ ಹೇಳಿದ್ದೆ. ರಜೆ ಮುಗಿದು ಬಂದಾಗ ಮಗಳ ಬ್ಯಾಗಿನಲ್ಲಿ ಸ್ಟ್ರಿಪ್ಪುಗಳು ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ಫೋನ್ ಹಚ್ಚಿದೆ.

“ಹೌದು, ಕೊಟ್ಟಿಲ್ಲ,” ಎಂದಳು ಅಕ್ಕ. “ಹುಚ್ಚರ ಗುಳಗಿ ನನ್ನ ಮನ್ಯಾಗ ನುಂಗಸಲ್ಲ. ನನ್ನ ಮಗಳಿಗಿ ವರ ನೋಡ್ಲಾಕ ಹತ್ತೀವಿ, ಮಂದಿ ಏನಂತಾರ? ನಮ್ಮ ಖಾನದಾನದಾಗ ಇಂಥಾದ್ದಿಲ್ಲ. ನಿಮ್ಮ ಔರಾದ ಮಂದಿದೇ ಬಂದದ ಇದು.”

ಔರಾದ ನನ್ನ ತವರು. ಆ ಮಾತನ್ನಾದರೂ ನುಂಗಿಕೊಳ್ಳುತ್ತಿದ್ದೆ. ವೈದ್ಯರು, ಮತ್ತೆ ಕಡಿಮೆ ಪ್ರಮಾಣದಿಂದ ಶುರುಮಾಡಿ ಮತ್ತೆ ಕಾಯಬೇಕು ಎಂದರು. ಅಷ್ಟರಲ್ಲಿ ಶಾಲೆ ತೆರೆದು ಮಗಳನ್ನು ಹಿಂದಿನ ಬೆಂಚಿಗೆ ದಬ್ಬಿದ್ದರು. ಒಂದು ಬೆಳಿಗ್ಗೆ ಅವಳು ಮಾತ್ರೆ ಉಗುಳಿದಳು.

“ಅವ್ವಾ, ನಾ ಹುಚ್ಚಿ ಏನು? ಅತ್ತಿ ಎಲ್ಲರಿಗಿ ಹಂಗೇ ಹೇಳ್ಯಾಳ. ನಾ ಇದು ನುಂಗಲ್ಲ.”

ಅಂದಿನಿಂದ ಬಾಯಿ ಬಿಗಿದಳು. ರಮಿಸಿದರೂ ಇಲ್ಲ, ಗದರಿದರೂ ಇಲ್ಲ. ನಾನು ಹಲ್ಲು ಕಚ್ಚಿಕೊಂಡು ಪಂಚಮಿ ಹಬ್ಬ ಕಾದೆ. ಹಬ್ಬಕ್ಕೆ ಅಕ್ಕ ತವರಿಗೆ, ಅಂದರೆ ನಮ್ಮ ಮನೆಗೆ, ಬಂದೇ ಬರುತ್ತಾಳೆ.

ಬಂದಳು. ಉಂಡಿ ತಿಂದಳು, ಜೋಕಾಲಿ ಆಡಿದಳು. ನಾನು ನಗುನಗುತ್ತಾ ಬಡಿಸಿದೆ. ಹೊರಡುವ ಹೊತ್ತಿಗೆ ಉಡಿ ತುಂಬಿಸಿಕೊಳ್ಳಲು ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಓಣಿಯ ಮುತ್ತೈದೆಯರನ್ನು ನಾನೇ ಬೇಕಂತಲೇ ಕರೆಸಿದ್ದೆ. ತವರಿನ ಉಡಿ ಇಲ್ಲದೆ ಕಳಿಸಿದರೆ, ನಿನಗಿನ್ನು ತವರಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಇಟ್ಟ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಎದುರಿಗೆ ಕೂತೆ.

“ಹುಚ್ಚರ ಮನಿ ಉಡಿ ನಿಮಗ್ಯಾಕ್ರಿ ಅಕ್ಕಾ?” ಎಂದೆ. “ಹುಚ್ಚು ನಿಮ್ಮ ಮನಿಗಿ ಬಂದೀತು. ಮಗಳಿಗಿ ವರ ನೋಡ್ಲಾಕ ಹತ್ತೀರಿ.”

ಅವಳ ಮುಖ ಸಪ್ಪಗಾಯಿತು. ತಮ್ಮನ ಕಡೆ ನೋಡಿದಳು. ನನ್ನ ಗಂಡ ನೆಲ ನೋಡುತ್ತಿದ್ದ.

“ನಿಮ್ಮ ಕೈಲೇ ನನ್ನ ಮಗಳಿಗಿ ಗುಳಗಿ ಕೊಡ್ರಿ. ಇದು ಏನಂತ ಇವರೆಲ್ಲರ ಮುಂದ ಹೇಳ್ರಿ.”

ಮಾತ್ರೆಯ ಸ್ಟ್ರಿಪ್ಪನ್ನು ಅವಳ ಮುಂದೆ ಇಟ್ಟು ಮಗಳನ್ನು ಕರೆದೆ. ಅಕ್ಕ ನನ್ನ ಮಗಳ ಅಂಗೈಯಲ್ಲಿ ಮಾತ್ರೆ ಇಟ್ಟಳು. “ನುಂಗವ್ವ. ಹುಚ್ಚರದಲ್ಲ ಇದು, ನಾ ಸುಳ್ಳು ಹೇಳಿದ್ದೆ. ನೀ ಶಾಣ್ಯಾಕಿ ಇದ್ದಿ.”

ಮಗಳು ಅವಳನ್ನೇ ನೋಡುತ್ತಾ ಮಾತ್ರೆ ನುಂಗಿ ನೀರು ಕುಡಿದಳು. ನನ್ನ ಎದೆ ತಣ್ಣಗಾಯಿತು.

ಅಕ್ಕ ಕಣ್ಣೊರೆಸಿಕೊಂಡು ಮತ್ತೆ ಸೆರಗು ಒಡ್ಡಿದಳು. ನಾನು ಎದ್ದು, ತುಂಬಿದ ತಟ್ಟೆಯನ್ನು ದೇವರ ಮನೆಯಲ್ಲಿ ಇಟ್ಟು ಬಂದೆ.

“ಭಾಲ್ಕಿ ಬಸ್ಸಿನ ಟೈಮ್ ಆಯ್ತ್ರಿ ಅಕ್ಕಾ,” ಎಂದೆ.