ಕಿಟಕಿ ಪಕ್ಕದ ಕುರ್ಚಿ

ನಾನು ಗಣಿತದ ಮೇಷ್ಟ್ರಾಗಿ ಸೇರಿದ ಸರ್ಕಾರಿ ಹೈಸ್ಕೂಲು ಹೊಳೆನರಸೀಪುರದ ಕಡೆಯದು. ಹೆಡ್ಮಾಸ್ಟರಾಗಿ ಬಂದವರೆಲ್ಲ ಹಾಸನಕ್ಕೆ ವರ್ಗ ಸಿಗುವ ತನಕದ ನೆಂಟರು. ಒಬ್ಬರು ಹೋಗಿ ಇನ್ನೊಬ್ಬರು ಬರುವವರೆಗೆ ನಮ್ಮ ಹಿಂದಿ ಮೇಡಂ ಅವರದೇ ಪ್ರಭಾರ. ಆದರೂ ಹೆಡ್ಮಾಸ್ಟರ ಕುರ್ಚಿಯಲ್ಲಿ ಅವರು ಕೂರುತ್ತಿರಲಿಲ್ಲ. ಕಿಟಕಿ ಪಕ್ಕ ಮರದ ಕುರ್ಚಿ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, "ನಾನು ಬರೀ ಇನ್‌ಚಾರ್ಜು ಕಣಪ್ಪ" ಅನ್ನುತ್ತಿದ್ದರು.

ಒಂದು ದಿನ ಹತ್ತನೇ ಕ್ಲಾಸಿನ ಹುಡುಗಿಯ ಅಪ್ಪ ಬಂದು ಟಿಸಿ ಕೇಳಿದ. ಮಗಳಿಗೆ ಮದುವೆ ಗೊತ್ತಾಗಿತ್ತು. ಮೇಡಂ ಕೊಡುವುದಿಲ್ಲವೆಂದರು.

"ನೀವು ಬರೀ ಇನ್‌ಚಾರ್ಜು ತಾನೆ? ಎಡ್ಮಾಸ್ಟ್ರು ಬರ್ಲಿ ಬುಡಿ, ಅವ್ರನ್ನೇ ಕೇಳ್ತೀನಿ."

ಮೇಡಂ ಎದ್ದು ಹೋಗಿ ಆ ದೊಡ್ಡ ಕುರ್ಚಿಯಲ್ಲಿ ಕೂತರು. "ನಾನೇ ಹೆಡ್ಮಾಸ್ಟ್ರು. ಈಗ ಕೇಳಪ್ಪ."

ಅವನು ಹೆಗಲ ಟವೆಲ್ಲು ಕೊಡವಿಕೊಂಡು ಹೊರಟ. ಅವನು ಗೇಟು ದಾಟಿದ ಮೇಲೆ ಮೇಡಂ ಎದ್ದು, ಕೂತ ಜಾಗವನ್ನು ಸೆರಗಿನಿಂದ ಒರೆಸಿ, ಮತ್ತೆ ಕಿಟಕಿ ಪಕ್ಕಕ್ಕೆ ಬಂದರು. ಹುಡುಗಿ ಪರೀಕ್ಷೆ ಬರೆದಳು.

ಮೇಡಂ ನಿವೃತ್ತರಾದರು. ಆಮೇಲೂ ಹೆಡ್ಮಾಸ್ಟರುಗಳು ಬಂದರು, ಹೋದರು. ಈಗ ಪ್ರಭಾರ ನನ್ನದು. ಹೆಡ್ಮಾಸ್ಟರ ಕುರ್ಚಿಯಲ್ಲಿ ನಾನು ಸಲೀಸಾಗಿ ಕೂರುತ್ತೇನೆ. ಕಿಟಕಿ ಪಕ್ಕದ ಆ ಕುರ್ಚಿಯಲ್ಲಿ ಕೂರಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.